‘ಹೊಡಿ’ ಅಂದವರು ಯಾರು

ದೀಪ ಸಣ್ಣದು ಮಾಡಿ ಕೂತುಕೊಳ್ಳಿ. ಇದನ್ನು ಕೇಳಿ ನಕ್ಕವರೂ ಇದ್ದಾರೆ... ಅವರೆಲ್ಲ ಹಗಲು ಕೇಳಿದವರು.

ಅಮಾತೆಪ್ಪ ಅಂತ, ನಮ್ಮ ಸೋದರತ್ತೆಯ ಮಗ. ಹುನಗುಂದದ ಹೊರಗೆ, ಇಳಕಲ್ಲಿಗೆ ಹೋಗುವ ದೊಡ್ಡ ರಸ್ತೆಯ ಮಗ್ಗುಲಲ್ಲಿ ಅವನದೊಂದು ತಗಡಿನ ಅಂಗಡಿ. ಲಾರಿ, ಟ್ರ್ಯಾಕ್ಟರುಗಳ ವೈರಿಂಗ್ ಕೆಲಸ. ದೀಪ ಹತ್ತದಿದ್ದರೂ ಅವನ ಹತ್ತಿರ, ಹಾರ್ನ್ ಕೂಗದಿದ್ದರೂ ಅವನ ಹತ್ತಿರ, ಬ್ಯಾಟರಿ ಇಳಿದರೂ ಅವನ ಹತ್ತಿರ. ಎಪ್ಪತ್ತೊಂಬತ್ತರ ಬೇಸಿಗೆ. ಒಂದು ರಾತ್ರಿ ಅಂಗಡಿ ಮುಚ್ಚಿ ಎರಡು ಮೈಲಿ ದೂರದ ಊರಿಗೆ ನಡೆದು ಹೊರಟಿದ್ದ. ಒಬ್ಬನೇ. ನಾಲ್ಕು ದಿನದ ಹಿಂದಿನ ತನಕ ಆ ದಾರಿಯಲ್ಲಿ ಇಬ್ಬರು ನಡೆಯುತ್ತಿದ್ದರು.

ದಾರಿಯಲ್ಲಿ ಗೌಡರ ಬಾವಿ. ಮೆಟ್ಟಿಲಿನ ಬಾವಿ, ಜನ ನೀರು ತರುವುದು ಬಿಟ್ಟು ಹತ್ತು ವರ್ಷ ಆಗಿತ್ತು. ಅಮಾತೆಪ್ಪನ ಚಪ್ಪಲಿ ಚರ್... ಚರ್... ಅನ್ನುತ್ತಿತ್ತು. ಬಾವಿಯ ಹತ್ತಿರ ಬಂದಾಗ ಒಳಗಿಂದ ಪಾರಿವಾಳ ಎದ್ದವು. ಪಟಪಟಪಟ. ಮತ್ತೆ ಎಲ್ಲ ಸುಮ್ಮನಾಯಿತು. ಆಮೇಲೆ... ಕೆಳಗೆ, ನೀರು ಇರುವಲ್ಲಿ, ಯಾರೋ ಗಂಟಲು ಸರಿ ಮಾಡಿಕೊಂಡರು.

“ತಗದೇನಿ... ಹೊಡಿ.”

ಅಮಾತೆಪ್ಪ ನಿಂತಲ್ಲೇ ನಿಂತ. ಆ ದನಿ ಅವನಿಗೆ ತನ್ನ ದನಿಯಷ್ಟೇ ಪರಿಚಯ. ಆರು ವರ್ಷ ದಿನಕ್ಕೆ ಮೂವತ್ತು ನಲವತ್ತು ಸಲ ಕೇಳಿದ ದನಿ. ಅಂಗಡಿಯ ಜೊತೆಗಾರ ಮಾಳಪ್ಪನ ದನಿ. ಮಾಳಪ್ಪನನ್ನು ಮಣ್ಣು ಮಾಡಿ ಅವತ್ತಿಗೆ ಮೂರನೇ ದಿನ.

ಓಡಿದ. ಚಪ್ಪಲಿ ಬಾವಿಯ ಹತ್ತಿರವೇ ಬಿದ್ದವು. ಮರುದಿನ ಬೆಳಕಿನಲ್ಲಿ ಸಹ ತರಲು ಹೋಗಲಿಲ್ಲ.

ಇನ್ನು ಆ ಮಾತಿನ ಅರ್ಥ ಹೇಳುತ್ತೇನೆ, ಕೇಳಿ. ಲಾರಿಯ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಬಾನೆಟ್ ಎತ್ತಿ ಎಂಜಿನ್ನಿನೊಳಗೆ ಕೈ ಹಾಕಿರುತ್ತಾನೆ. ಇನ್ನೊಬ್ಬ ಮೇಲೆ ಕ್ಯಾಬಿನ್ನಿನಲ್ಲಿ ಕೂತು, ಹೇಳಿದಾಗ ಸೆಲ್ಫ್ ಹೊಡೆಯುತ್ತಾನೆ, ಅಂದರೆ ಗುಂಡಿ ಒತ್ತಿ ಎಂಜಿನ್ ಚಾಲೂ ಮಾಡುತ್ತಾನೆ. ಎತ್ತಿದ ಬಾನೆಟ್ ನಡುವೆ ಅಡ್ಡ. ಇವನ ಮುಖ ಅವನಿಗಿಲ್ಲ, ಅವನ ಮುಖ ಇವನಿಗಿಲ್ಲ. ಕೈ ಇರುವ ಜಾಗದಲ್ಲೇ ಫ್ಯಾನು, ಬೆಲ್ಟು. ಅದಕ್ಕೇ ಆ ಅಂಗಡಿಯಲ್ಲಿ ಒಂದು ಕಟ್ಟಳೆ. ಮೇಲಿನವನು ಕೂಗಿ ಕೇಳಬೇಕು: “ಕೈ ತಗದೀ?” ಕೆಳಗಿನವನು ಹೇಳಬೇಕು: “ತಗದೇನಿ, ಹೊಡಿ.” ಆ ಎರಡು ಮಾತು ಆಗದೆ ಗುಂಡಿಗೆ ಬೆರಳು ತಾಗಿಸುವ ಹಾಗಿಲ್ಲ. ಜಗಳ ಆಡಿ ಮಾತು ಬಿಟ್ಟ ದಿನ ಕೂಡ ಅಮಾತೆಪ್ಪ, ಮಾಳಪ್ಪ ಇಷ್ಟು ಮಾತು ಆಡುತ್ತಿದ್ದರು.

ಆ ಒಂದು ದಿನ ಅಮಾತೆಪ್ಪ ಕೇಳಲಿಲ್ಲ.

ಸೊಲ್ಲಾಪುರದ ಕಡೆಯ ಲಾರಿ ಅದು. ಮಟಮಟ ಮಧ್ಯಾಹ್ನ. ಅಮಾತೆಪ್ಪ ಒಂದು ವೈರು ಜೋಡಿಸಿದ್ದ. ಮಾಳಪ್ಪ ಬಗ್ಗಿ ಅದನ್ನು ನೋಡಿ ಏನೋ ಒಂದು ಅಂದ. ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕು ಚಹಾ ಕುಡಿಯಲು ಹೋದ. ಪರ ಊರಿನವನ ಎದುರು ಮಾನ ಹೋಯಿತು ಅಂತ ಅಮಾತೆಪ್ಪನ ಮೈಯೆಲ್ಲ ಉರಿಯಿತು. ಮೊದಲಿಂದಲೂ ಮೂಗಿನ ತುದಿಯಲ್ಲಿ ಸಿಟ್ಟು ಅವನಿಗೆ. ಜೋಡಿಸಿದ್ದು ಸರಿ ಇದೆಯೋ ಇಲ್ಲವೋ ತೋರಿಸುತ್ತೇನೆ ಅಂತ ಧಡಧಡ ಕ್ಯಾಬಿನ್ ಹತ್ತಿದ. ಹತ್ತಿದವನೇ ಗುಂಡಿ ಒತ್ತಿದ.

ಗರ್ರ್ರ್... ಎಂಜಿನ್ ಹತ್ತಿತು. ಅದರ ಬೆನ್ನಿಗೇ ಒಂದು ಪಟ್. ಆಮೇಲೆ ಪಟ್ ಪಟ್ ಪಟ್... ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ.

ಕೂಗು ಕೇಳಲೇ ಇಲ್ಲ. ಕೂಗಲು ಮಾಳಪ್ಪನಿಗೆ ಗಂಟಲು ಉಳಿದಿರಲಿಲ್ಲ. ಕೊರಳಲ್ಲಿದ್ದ ಟವೆಲ್ಲಿನ ತುದಿಯನ್ನು ಬೆಲ್ಟು ಎಳೆದುಕೊಂಡಿತ್ತು, ಟವೆಲ್ಲು ಕೊರಳನ್ನು ಎಳೆದುಕೊಂಡಿತ್ತು, ಉಳಿದದ್ದನ್ನು ಫ್ಯಾನು ಮಾಡಿತ್ತು. ಅಮಾತೆಪ್ಪ ಎಂಜಿನ್ ಬಂದ್ ಮಾಡಿ ಇಳಿಯುವಷ್ಟರಲ್ಲಿ ಲಾರಿಯ ಕೆಳಗಿನ ಮಣ್ಣು ಕೆಸರಾಗಿತ್ತು. ದವಾಖಾನೆಗೆ ಹೊತ್ತದ್ದು ಹೊತ್ತದ್ದೇ. ಗೇಟಿನ ಹತ್ತಿರವೇ ಎಲ್ಲ ಮುಗಿದುಹೋಯಿತು.

ಸಂಜೆ ಪೊಲೀಸ್ ಫೌಜದಾರರು ಕೇಳಿದರು, “ನೀ ಕೇಳಿದ್ದಿಲ್ಲೇನು?”

ಅಮಾತೆಪ್ಪನ ಅಂಗಿಯ ಮೇಲೆ ಇನ್ನೂ ರಕ್ತ ಹಸಿ ಇತ್ತು. ಬಾಯಿಂದ ಬಂದದ್ದು ಇಷ್ಟು: “ಕೇಳಿದ್ನಿರಿ. ‘ತಗದೇನಿ, ಹೊಡಿ’ ಅಂದ.”

ನೋಡಿದವರು ಯಾರೂ ಇರಲಿಲ್ಲ. ಆಕಸ್ಮಿಕ ಅಂತ ಬರೆದುಕೊಂಡರು. ಒಂದು ಸುಳ್ಳು, ನಾಲ್ಕು ಮಾತಿನದು. ಅಲ್ಲಿಗೇ ನಿಂತಿದ್ದರೆ ಅಮಾತೆಪ್ಪನ ಎದೆಯಲ್ಲೇ ಕೊಳೆಯುತ್ತಿತ್ತು. ಆದರೆ ಅದು ಊರು ಸೇರಿತು.

ಮಾಳಪ್ಪನ ಹೆಂಡತಿ ಸೋಮವ್ವ. ಅವತ್ತು ಬೆಳಿಗ್ಗೆ ಗಂಡ ಹೆಂಡತಿಗೆ ಮಾತಿಗೆ ಮಾತು ಬೆಳೆದು, ಮಾಳಪ್ಪ ರೊಟ್ಟಿ ಮುಟ್ಟದೆ ಎದ್ದು ಹೋಗಿದ್ದ. ಓಣಿಯೆಲ್ಲ ಅದನ್ನು ಕೇಳಿಸಿಕೊಂಡಿತ್ತು. ಕೈ ಒಳಗಿದೆ, ಟವೆಲ್ಲು ಒಳಗಿದೆ, ಆದರೂ ‘ಹೊಡಿ’ ಅಂದನಂತೆ... ಯಾಕೆ ಅಂದ? ಮನೆಯಲ್ಲಿ ಇವಳ ಬಾಯಿ ತಾಳಲಾರದೆ ಅಂದ. ಬೇಕೆಂತಲೇ ಅಂದ. ಓಣಿ ಹಾಗೆ ತೀರ್ಮಾನಿಸಿತು. ಮಾಳಪ್ಪನ ತಾಯಿ ಹುಚ್ಚವ್ವ, ಮಗನ ದಿನ ಮುಗಿಸಿದ ಮರುದಿನವೇ ಸೊಸೆಯ ಗಂಟು ಮೂಟೆ ಅಂಗಳಕ್ಕೆ ಎಸೆದಳು. “ನನ್ನ ಮಗನ್ನ ತಿಂದಿ, ಇನ್ನ ನನ್ನ ತಿನಬ್ಯಾಡ,” ಅಂದಳು. ಸೋಮವ್ವ ಬಂದು ನಿಂತದ್ದು ಇದೇ ರಸ್ತೆಗೆ. ಅಮಾತೆಪ್ಪನ ಅಂಗಡಿಯ ಎದುರಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ, ಅಲ್ಲೇ ಹಿಂದಿನ ಕೋಣೆಯಲ್ಲಿ ಇರುವುದು.

ಅವಳು ಅವನನ್ನು ಬಯ್ಯಲಿಲ್ಲ. ಕೇಳುತ್ತಿದ್ದಳು, ಅಷ್ಟೇ. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ. ರೊಟ್ಟಿ ಕೊಡಲು ಬಂದವಳು ನಿಂತುಕೊಂಡು ಮೆಲ್ಲಗೆ ಕೇಳುವಳು:

“ಯಣ್ಣಾ... ಖರೇ ಹೇಳು. ‘ಹೊಡಿ’ ಅನ್ನೂಮುಂದ ಅಂವ ಸಿಟ್ಟಿನ್ಯಾಗ ಇದ್ದನ?”

“ಇಲ್ಲ ತಂಗಿ. ಸುಮ್ನ ಅಂದ.”

“ಆದ್ರ ಅಂದದ್ದು ಖರೆ?”

“ಖರೆ.”

ಅವಳು ಹೋಗುವಳು. ಅಮಾತೆಪ್ಪ ರೊಟ್ಟಿಯ ಬುಟ್ಟಿ ಬದಿಗೆ ಸರಿಸುವನು. ಹೇಳಿಬಿಡಬೇಕು ಅಂತ ಎಷ್ಟು ಸಲ ಬಾಯಿ ತೆರೆದನೋ. ಹೇಳಿದರೆ ಜೈಲು, ಹೇಳಿದರೆ ಊರಲ್ಲಿ ಕೊಲೆಗಾರ. ಹೇಳಲಿಲ್ಲ. ನಮ್ಮವನೇ, ಆದರೂ ಹೇಳುತ್ತೇನೆ: ಹೇಡಿ.

ಆದರೆ ಅವನು ಹುಟ್ಟಿಸಿದ ಆ ಮಾತು ಅವನನ್ನು ಬಿಡಲಿಲ್ಲ. ಬಾವಿಯಲ್ಲಿ ಕೇಳಿದ್ದು ಮೊದಲನೆಯದು. ಎರಡನೆಯದು ಅಂಗಡಿಯಲ್ಲೇ, ಹಗಲು. ಒಂದು ಟ್ರ್ಯಾಕ್ಟರಿನ ಮೇಲೆ ಕೂತು ಕೇಳಿದ, “ಕೈ ತಗದೀ?” ಕೆಳಗಿನಿಂದ ಬಂತು, “ತಗದೇನಿ, ಹೊಡಿ.” ಬೆರಳು ಗುಂಡಿಯ ಮೇಲಿತ್ತು. ಏನೋ ಅನುಮಾನ ಬಂದು ಬಗ್ಗಿ ನೋಡಿದರೆ... ಟ್ರ್ಯಾಕ್ಟರಿನ ಮಾಲಕ ಮೊಣಕೈತನಕ ಒಳಗೆ ಕೈ ಹಾಕಿಕೊಂಡು ಬಿದ್ದ ನಟ್ಟು ಹುಡುಕುತ್ತಿದ್ದಾನೆ. ಅವನು ಬಾಯಿಯೇ ಬಿಟ್ಟಿಲ್ಲ.

ಅವತ್ತೇ ಕೊನೆ. ಅಮಾತೆಪ್ಪ ಮತ್ತೆಂದೂ ಕ್ಯಾಬಿನ್ ಹತ್ತಲಿಲ್ಲ. ಯಾವ ಗಾಡಿ ಬರಲಿ, ಗಾಡಿಯವರೇ ಮೇಲೆ ಕೂರಬೇಕು, ತಾನು ಕೆಳಗೆ. ಸಾಯುವುದಾದರೆ ತಾನೇ ಸಾಯಲಿ ಅಂತಲೋ, ಮತ್ತೊಬ್ಬನನ್ನು ಕೊಲ್ಲಬಾರದು ಅಂತಲೋ. ಹೀಗೇ ನಾಲ್ಕು ವರ್ಷ ಕಳೆದ.

ಎಂಬತ್ತಮೂರರಲ್ಲಿ ಇಳಕಲ್ಲಿನ ಖಾಸಿಂಸಾಬ ಬಂದ. ಸ್ವಂತ ಲಾರಿ, ತಾನೇ ಡ್ರೈವರ್. ಗಣಿಯ ಕೆಂಪು ಬಂಡೆ ಹೇರಿಕೊಂಡು ರಾತ್ರಿಯೆಲ್ಲ ಓಡಿಸುವವನು. ಅವನ ತಾಪತ್ರಯ ಇಷ್ಟೇ: ಲಾರಿಯಲ್ಲಿ ಹಳೇ ಡೈನಮೊ. ಎಂಜಿನ್ ಜೋರಾಗಿ ತಿರುಗಿದರೆ ಮಾತ್ರ ಅದು ಕರೆಂಟು ಕೊಡುತ್ತದೆ. ಭಾರ ಹೊತ್ತು ದಿಬ್ಬ ಹತ್ತುವಾಗ ಲಾರಿ ತೆವಳುತ್ತದೆ, ಡೈನಮೊ ಸುಮ್ಮನಾಗುತ್ತದೆ, ಮುಂದಿನ ದೀಪ ಚಿಮಣಿ ಬುಡ್ಡಿಯಷ್ಟಾಗುತ್ತದೆ. ಎರಡು ಸಲ ಎತ್ತಿನ ಬಂಡಿ ಕೂದಲೆಳೆಯಲ್ಲಿ ತಪ್ಪಿತ್ತು. ಅದಕ್ಕೇ ಬಾಗಲಕೋಟೆಯಿಂದ ಹೊಸ ಆಲ್ಟರ್ನೇಟರ್ ತಂದಿದ್ದ, ಕಾಗದದಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು. ಮೆಲ್ಲಗೆ ತಿರುಗಿದರೂ ಅದು ತುಂಬ ಕರೆಂಟು ಕೊಡುತ್ತದೆ.

“ಇದನ್ನ ಕುಂಡ್ರಸಿಕೊಡೋ ಅಮಾತ್ಯಾ. ನಾಳಿ ನಸಿಕಿನ್ಯಾಗ ಲೋಡ್ ಐತಿ.”

“ಬರೇ ಕುಂಡ್ರಸಿದ್ರ ಆಗಂಗಿಲ್ರಿ ಸಾಬ್ರ. ವೈರೆಲ್ಲಾ ಬದಲ ಮಾಡ್ಬೇಕು. ಇಷ್ಟ ಸಣ್ಣ ವೈರಿನ್ಯಾಗ ಅಷ್ಟ ಕರೆಂಟ್ ಹೊಂಟ್ರ ಹತ್ತಿ ಉರೀತೇತಿ.”

ಇಡೀ ದಿನದ ಕೆಲಸ. ಬೆಳಿಗ್ಗೆಯೇ ಅಮಾತೆಪ್ಪ ಲಾರಿಯ ಬ್ಯಾಟರಿಯನ್ನೇ ಬಿಚ್ಚಿ ಹೊರಗಿಟ್ಟ. ಅದೂ ಪೂರ್ತಿ ಇಳಿದಿತ್ತು. ಖಾಸಿಂಸಾಬ ಅದನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ, ಪೇಟೆಯಲ್ಲಿ ಚಾರ್ಜಿಗೆ ಇಟ್ಟು ಬಂದ. ಅಮಾತೆಪ್ಪ ಡೈನಮೊ ಇಳಿಸಿದ. ಹಳೇ ವೈರು ಎಳೆದು ಬಿಸಾಡಿದ. ಆಲ್ಟರ್ನೇಟರ್ ಹಿಡಿಸಲು ಕಬ್ಬಿಣದ ಪಟ್ಟಿ ಬಗ್ಗಿಸಿ ತೂತು ಕೊರೆದ. ಬೆರಳು ದಪ್ಪದ ಹೊಸ ವೈರನ್ನು ಎಂಜಿನ್ನಿನಿಂದ ಬ್ಯಾಟರಿಯ ಪೆಟ್ಟಿಗೆಯ ತನಕ ಎಳೆದು, ಬಿಸಿ ತಾಗದ ಹಾಗೆ ಟೇಪು ಸುತ್ತಿದ. ಒಳ್ಳೆಯ ಕೆಲಸಗಾರ ಅವನು, ಅದರಲ್ಲಿ ಎರಡು ಮಾತಿಲ್ಲ.

ಕತ್ತಲಾಯಿತು. ಆಗ ದಿನಾ ಕರೆಂಟು ಹೋಗುತ್ತಿತ್ತು, ಅವತ್ತೂ ಹೋಯಿತು. ಅಮಾತೆಪ್ಪ ಕಂದೀಲು ಹಚ್ಚಿ ಲಾರಿಯ ಕೊಂಡಿಗೆ ನೇತುಹಾಕಿದ. ಎಂಟು ಗಂಟೆಗೆ ಖಾಸಿಂಸಾಬ, “ನಮಾಜ್ ಮುಗಿಸಿ ಬ್ಯಾಟ್ರಿ ತಗೊಂಡ್ ಬರ್ತೇನಿ,” ಅಂತ ಸೈಕಲ್ಲು ಹತ್ತಿ ಪೇಟೆಗೆ ಹೋದ. ಸೋಮವ್ವ ರಸ್ತೆ ದಾಟಿ ರೊಟ್ಟಿ ತಂದಳು. ಬುಟ್ಟಿ ಇಟ್ಟಳು. ಹೋಗಲಿಲ್ಲ.

“ಯಣ್ಣಾ.”

“ಹೂಂ.”

“ನಿನ್ನಿ ನಮ್ಮತ್ತಿ ಸಂತ್ಯಾಗ ಸಿಕ್ಕಿದ್ಳು. ಎಲ್ಲಾರ ಮುಂದ ನನ್ನ ಮಾರಿಗೆ ಉಗುಳಿದ್ಳು. ನಾಲ್ಕ ವರ್ಷ ಆತು, ಇನ್ನೂ ಉಗುಳ್ತಾಳ.” ದನಿ ಏರಿಸದೆ ಹೇಳಿದಳು. “ನಂಗೂ ಈಗೀಗ ಹಂಗ ಅನಸ್ತೇತಿ. ನನ್ನ ಸಲುವಾಗೇ ಅಂದ್ನೇನೋ. ಹಂಗಿದ್ರ... ಆ ಗೌಡರ ಬಾವಿ ಐತಲ್ಲ, ಅದಕ್ಕ ಬಿದ್ದು ಹೋಗ್ತೇನಿ. ಕಡೀ ಸಲ ಕೇಳಾಕತ್ತೇನಿ. ಅಂದದ್ದು ಖರೆ?”

ಕಂದೀಲಿನ ಬೆಳಕಿನಲ್ಲಿ ಅವಳ ಮುಖ ನೋಡಲು ಅಮಾತೆಪ್ಪನಿಗೆ ಆಗಲಿಲ್ಲ. ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ನೋಡಿಕೊಂಡು ಅಂದ:

“ಖರೆ ತಂಗಿ. ‘ಹೊಡಿ’ ಅಂದ.”

ಸೋಮವ್ವ ತಲೆ ಅಲ್ಲಾಡಿಸಿದಳು. ರಸ್ತೆ ದಾಟಿ ಹೋದಳು. ಅವಳ ಹೆಜ್ಜೆಯ ಸದ್ದು ಕೂಡ ನಿಂತಿತು.

ಉಳಿದದ್ದು ಒಂದೇ ಕೆಲಸ, ಬೆಲ್ಟು ಬಿಗಿ ಮಾಡುವುದು. ಅಮಾತೆಪ್ಪ ಬಾನೆಟ್ಟಿನೊಳಗೆ ಬಗ್ಗಿದ. ಎಡಗೈ ಬೆಲ್ಟಿನ ಒಳಗಿಟ್ಟು ಆಲ್ಟರ್ನೇಟರನ್ನು ತನ್ನ ಕಡೆ ಎಳೆದು ಹಿಡಿದ. ಬಲಗೈಯಲ್ಲಿ ಪಾನಾ. ಹೆದರಿಕೆ ಇರಲಿಲ್ಲ. ಲಾರಿಯಲ್ಲಿ ಬ್ಯಾಟರಿಯೇ ಇಲ್ಲ. ಬ್ಯಾಟರಿ ಇಲ್ಲದ ಲಾರಿ ಅಂದರೆ ಕಲ್ಲಿನ ಗುಂಡು, ಅದು ಏನು ಮಾಡೀತು?

ಕಿರ್ರ್...

ಕ್ಯಾಬಿನ್ನಿನ ಬಾಗಿಲು. ಆಮೇಲೆ ಸೀಟಿನ ಸ್ಪ್ರಿಂಗು... ಕುಂಯ್ಕ್. ಯಾರೋ ಕೂತರು.

“ಸಾಬ್ರ?” ಅಂದ ಅಮಾತೆಪ್ಪ. “ಇಷ್ಟ ಲಗೂನ ಬಂದ್ರಿ?”

ಸೈಕಲ್ಲಿನ ಸದ್ದಂತೂ ಕೇಳಿರಲಿಲ್ಲ. ಮೇಲಿನಿಂದ ಬೀಡಿಯ ಹೊಗೆ ಬಂತು. ಖಾಸಿಂಸಾಬ ಬೀಡಿ ಸೇದುವವನಲ್ಲ.

ಆಮೇಲೆ, ಮೆಲ್ಲಗೆ...

“ಕೈ ತಗದೀ?”

ಮಾಳಪ್ಪ. ನಾಲ್ಕು ವರ್ಷ ‘ಹೊಡಿ’ ಮಾತ್ರ ಕೇಳಿದ್ದ ಅಮಾತೆಪ್ಪ. ಆ ದನಿ ಹೀಗೆ ಪ್ರಶ್ನೆ ಹಾಕಿದ್ದು ಇದೇ ಮೊದಲ ಸಲ.

“ಇಲ್ಲ!” ಗಂಟಲು ಹರಿಯುವಂತೆ ಕೂಗಿದ. “ಇಲ್ಲಪಾ, ತಡಿ! ತಡಿ!” ಎಡಗೈ ಎಳೆದ. ಬರಲಿಲ್ಲ. ಬೆಲ್ಟು ಮಣಿಕಟ್ಟನ್ನು ಕಚ್ಚಿ ಹಿಡಿದಿತ್ತು.

ಆಗ ಅವನ ಕಿವಿಯ ಪಕ್ಕದಲ್ಲೇ, ಅದೇ ಬಾನೆಟ್ಟಿನ ಒಳಗೆ, ಯಾರೋ ತಣ್ಣಗೆ ಹೇಳಿದರು:

“ತಗದೇನಿ... ಹೊಡಿ.”

ಅದು ಮಾಳಪ್ಪನ ದನಿಯಲ್ಲ. ಅಮಾತೆಪ್ಪನದೇ ದನಿ. ಬಾಯಿ ಅವನದು ಮುಚ್ಚಿತ್ತು.

ಗರ್ರ್ರ್ರ್...

ಎಂಜಿನ್ ಹತ್ತಿತು. ಬೆಲ್ಟು ಅವನ ಕೈಯನ್ನು ಆಲ್ಟರ್ನೇಟರಿನ ಚಕ್ರಕ್ಕೆ ಎಳೆದುಕೊಂಡಿತು. ಬೆರಳಿನ ಎಲುಬು ಮುರಿದದ್ದನ್ನು ಅವನು ಕಿವಿಯಲ್ಲಿ ಕೇಳಿದ. ಲಟ್. ಲಟ್. ಲಟ್. ಚರ್ಮ ಬಿಚ್ಚಿತು. ಫ್ಯಾನಿನ ರೆಕ್ಕೆ ಮೊಣಕೈಗೆ ಬಡಿದು ಬಡಿದು ರಕ್ತ ಅವನ ಮುಖಕ್ಕೇ ಎರಚಿತು, ಕಂದೀಲಿನ ಗಾಜಿಗೆ ಎರಚಿ ಬೆಳಕು ಕೆಂಪಾಯಿತು. ಕೂಗಿದ. ಆ ಕೂಗು ಖಾನಾವಳಿಗೆ ಮುಟ್ಟಿತು.

ಎಂಜಿನ್ ಸ್ವಲ್ಪ ಇಳಿಯಿತು. ಮೇಲಿನಿಂದ ಮತ್ತೆ, ಅದೇ ಸಮಾಧಾನದಲ್ಲಿ:

“ಕೈ ತಗದೀ?”

“ಇಲ್ಲೋ ಮಾಳ್ಯಾ! ನಿನ್ನ ಕಾಲಿಗೆ ಬೀಳ್ತೇನಿ, ಇಲ್ಲೋ!”

ಪಕ್ಕದಲ್ಲಿ ಅವನದೇ ದನಿ: “ತಗದೇನಿ... ಹೊಡಿ.”

ಎಂಜಿನ್ ಇನ್ನೂ ಏರಿತು. ಕೈ ಇನ್ನೂ ಒಳಗೆ ಹೋಯಿತು. ಮುಖ ಫ್ಯಾನಿಗೆ ಒಂದು ಗೇಣು ದೂರ. ಅದರ ಗಾಳಿ ಅವನ ರೆಪ್ಪೆಗೆ ಬಡಿಯುತ್ತಿತ್ತು. ನೋವಿನಲ್ಲೂ ಅವನಿಗೆ ಒಂದು ತಿಳಿಯಿತು. ಇಲ್ಲ ಅಂದರೆ ಇದು ಕೇಳುವುದಿಲ್ಲ. ಕಾಲಿಗೆ ಬಿದ್ದರೂ ಕೇಳುವುದಿಲ್ಲ. ಮೂರನೇ ಸಲ ‘ಕೈ ತಗದೀ’ ಅಂದಾಗ ತಲೆ ಒಳಗೆ ಹೋಗುತ್ತದೆ.

“ಅಂವ ಅಂದಿಲ್ಲ!” ಅಂತ ಚೀರಿದ. “ಮಾಳಪ್ಪ ‘ಹೊಡಿ’ ಅಂದಿಲ್ಲ! ನಾ ಕೇಳೇ ಇಲ್ಲ! ಸಿಟ್ಟಿನ್ಯಾಗ ಹತ್ತಿ ಹೊಡದೇನಿ, ನಾ ಕೊಂದೇನಿ ಅವನ್ನ! ಸೋಮವ್ವಾ... ನಿಂದೇನೂ ತಪ್ಪಿಲ್ಲ, ಅಂವ ಅಂದಿಲ್ಲವಾ!”

ಟಕ್.

ಎಂಜಿನ್ ನಿಂತಿತು. ಎಂಜಿನ್ ಬಂದ್ ಮಾಡಲು ಕ್ಯಾಬಿನ್ನಿನಲ್ಲಿ ಒಂದು ಹಿಡಿ ಎಳೆಯುತ್ತಾರಲ್ಲ... ಆ ಸದ್ದು ಅದು. ಆಮೇಲೆ ಬಾಗಿಲು ಕಿರ್ರ್ ಅಂದಿತು. ಇಳಿದ ಹೆಜ್ಜೆ ಕೇಳಲಿಲ್ಲ.

ಅಮಾತೆಪ್ಪ ಸಿಕ್ಕಿಬಿದ್ದ ಕೈಯಿಂದ ಜೋತಾಡುತ್ತಿದ್ದ. ತಲೆ ಎತ್ತಿದರೆ ಸೋಮವ್ವ. ಕೂಗು ಕೇಳಿ ಓಡಿ ಬಂದವಳು, ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದಳು. ಕೈಗೆ ಹಿಟ್ಟು ಮೆತ್ತಿತ್ತು. ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಹಿಂದೆ ಖಾಸಿಂಸಾಬ ಸೈಕಲ್ಲು ಹಿಡಿದು ನಿಂತಿದ್ದ. ಕ್ಯಾರಿಯರಿನ ಮೇಲೆ ಬ್ಯಾಟರಿ. ಅವನು ಲಾರಿ ನೋಡಿದ, ಬ್ಯಾಟರಿ ನೋಡಿದ, ಮತ್ತೆ ಲಾರಿ ನೋಡಿದ. “ಯಾ ಅಲ್ಲಾ,” ಅಂದ. ಕಾಲು ಎತ್ತಿಡಲು ಅವನಿಗೆ ಆಗಲಿಲ್ಲ.

“ತಂಗೀ... ಬೆಲ್ಟ್ ಕೊಯ್ಯಿ,” ಅಂದ ಅಮಾತೆಪ್ಪ. “ಚಾಕು ಅಲ್ಲೇ ಐತಿ. ಜೀವ ಹೋಗ್ತೇತಿ.”

ವೈರು ಸುಲಿಯುವ ಚಾಕು ಲಾರಿಯ ಬಂಪರಿನ ಮೇಲಿತ್ತು. ಸೋಮವ್ವ ಅದನ್ನು ತೆಗೆದುಕೊಂಡಳು. ಹತ್ತಿರ ಬಂದಳು. ಬೆಲ್ಟಿನ ಕಡೆ ನೋಡಲಿಲ್ಲ. ಅವನ ಕೊರಳಿನ ಹತ್ತಿರ ಚಾಕು ತಂದು ನಿಲ್ಲಿಸಿದಳು. ತುದಿ ಚರ್ಮಕ್ಕೆ ಹತ್ತಿತು. ಒಂದು ಹನಿ ರಕ್ತ ಬಂತು. ನಾಲ್ಕು ವರ್ಷದ ಉಗುಳು ಆ ಕೈಯಲ್ಲಿತ್ತು. ಒತ್ತಿದ್ದರೆ ನಾನೇನೂ ಅವಳನ್ನು ತಪ್ಪು ಅನ್ನುತ್ತಿರಲಿಲ್ಲ.

ಪಿಸುದನಿಯಲ್ಲಿ ಕೇಳಿದಳು, “ಹಂಗಾದ್ರ... ಕಡೀಕ ಏನಂದ?”

ಅಮಾತೆಪ್ಪನಿಗೆ ಉಸಿರು ಸಾಲುತ್ತಿರಲಿಲ್ಲ.

“ನಾ ವೈರ್ ಜೋಡಸಿದ್ನ್ಯಲ್ಲ, ಅದನ್ನ ನೋಡಿ ನಕ್ಕ... ‘ಇದೇನ್ಲೇ ಗಂಟು? ನನ್ನ ಹೇಂತಿ ಹಾಕೋ ಜಡಿ ನೋಡು ಒಮ್ಮಿ, ಒಂದ್ ಎಳಿ ಆಕಡೆ ಈಕಡೆ ಆಗಂಗಿಲ್ಲ. ಮುಂಜಾನಿ ಸುಮ್ಸುಮ್ನ ಬೈದು ಬಂದೇನಿ ಅಕಿನ್ನ. ಸಂಜೀಕ ಕರ್ಕೊಂಡ್ ಬರ್ತೇನಿ, ಅಕಿ ಕಡೆ ಕಲಿ’ ಅಂದ. ಅಷ್ಟ. ನಕ್ಕೋತ ಬಗ್ಗಿದ... ನಾ ಹೊಡದೆ.”

“ನಗಾಕತ್ತಿದ್ದ?”

“ನಗಾಕತ್ತಿದ್ದ.”

ಚಾಕು ಅಲ್ಲೇ ಇತ್ತು. ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ತುಟಿ ಮಾತ್ರ ನಕ್ಕ ಹಾಗೆ ಅಗಲಾಗಿತ್ತು. ಅಂಥ ಮುಖವನ್ನು ಮತ್ತೆ ನೋಡುವ ಧೈರ್ಯ ತನಗಿಲ್ಲ ಅಂತ ಅಮಾತೆಪ್ಪ ಹೇಳುತ್ತಿದ್ದ. ಎಷ್ಟೋ ಹೊತ್ತಿನ ಮೇಲೆ ಅವಳು ಚಾಕು ತೆಗೆದು ಬೆಲ್ಟಿಗೆ ಹಾಕಿದಳು. ದಪ್ಪ ರಬ್ಬರು, ಗರಗರ ಕೊಯ್ಯಬೇಕಾಯಿತು. ಒಂದೊಂದು ಎಳೆತಕ್ಕೂ ಅವನು ಚೀರಿದ. ಅವಳು ನಿಲ್ಲಿಸಲಿಲ್ಲ.

“ನಿನ್ನ ಮ್ಯಾಲಿನ ಕನಿಕರಕ್ಕ ಅಲ್ಲ,” ಅಂದಳು ಕೊಯ್ಯುತ್ತಲೇ. “ಊರ ಮುಂದ ಹೇಳ್ಬೇಕು ನೀ. ನಮ್ಮತ್ತಿ ಮುಂದ ಹೇಳ್ಬೇಕು. ಅದಕ್ಕ ಉಳಸಾಕತ್ತೇನಿ.”

ಬೆಲ್ಟು ಹರಿಯಿತು. ಕೈ ಬಿಡಿಸಿಕೊಂಡು ಬಂತು... ಕೈ ಅನ್ನುವಂಥದ್ದೇನೂ ಉಳಿದಿರಲಿಲ್ಲ.

ದವಾಖಾನೆಗೆ ಹೋಗಲು ಇದ್ದದ್ದು ಅದೊಂದೇ ಗಾಡಿ. ಖಾಸಿಂಸಾಬ ಬ್ಯಾಟರಿ ಕೂರಿಸಿ ಕಟ್ಟಿದ. ಬೆಲ್ಟು ಇಲ್ಲದಿದ್ದರೂ ಒಂದು ಮೈಲಿ ಓಡುತ್ತದೆ. ಅಮಾತೆಪ್ಪನನ್ನು ಸೀಟಿನಲ್ಲಿ ಮಲಗಿಸಿದರು. ಸೋಮವ್ವ ಕೆಳಗಿಳಿದು, ಒಳಗೆ ಜೋತಾಡುತ್ತಿದ್ದ ಬೆಲ್ಟಿನ ತುಂಡು ಎಳೆದು ತೆಗೆಯುತ್ತಿದ್ದಳು. ಖಾಸಿಂಸಾಬನ ಹೆಬ್ಬೆರಳು ಗುಂಡಿಯ ಮೇಲೆ ಇತ್ತು, ಒತ್ತಲು ಧೈರ್ಯ ಇರಲಿಲ್ಲ.

“ಯವ್ವಾ,” ಅಂದ. “ಕೈ... ತಗದೀ?”

ಆಮೇಲೆ ಬಾನೆಟ್ಟಿನ ಆ ಕಡೆಯಿಂದ ಅವಳ ದನಿ, ಗಟ್ಟಿಯಾಗಿ, ರಸ್ತೆಗೆಲ್ಲ ಕೇಳುವಂತೆ:

“ತಗದೇನ್ರಿ. ಹೊಡೀರಿ.”

ಅಮಾತೆಪ್ಪ ಉಳಿದ. ಮೊಣಕೈ ಕೆಳಗೆ ಏನೂ ಉಳಿಯಲಿಲ್ಲ. ಎರಡು ತಿಂಗಳಿಗೆ, ಗಾಯ ಇನ್ನೂ ಒಸರುತ್ತಿದ್ದಾಗಲೇ, ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ನಿಂತು ಊರ ಮುಂದೆ ಎಲ್ಲ ಹೇಳಿದ. ಮಾಳಪ್ಪನ ಅಣ್ಣ ತಮ್ಮಂದಿರು ಅವನನ್ನು ಕಟ್ಟೆಯಿಂದ ಎಳೆದು ಒದ್ದರು, ಹಲ್ಲು ಎರಡು ಹೋದವು, ಬಿಡಿಸಲು ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಆಮೇಲೆ ಪೊಲೀಸರ ಮುಂದೆಯೂ ಹೇಳಿದ, ಶಿಕ್ಷೆಯೂ ಆಯಿತು. ಹುಚ್ಚವ್ವ ಮಾತ್ರ ಅವನ ಕಡೆ ತಿರುಗಿ ನೋಡಲಿಲ್ಲ. ಜನರನ್ನು ಸರಿಸಿಕೊಂಡು ಸೋಮವ್ವನ ಹತ್ತಿರ ಹೋದಳು. ಸೊಸೆಯ ಸೆರಗಿನ ತುದಿ ಹಿಡಿದುಕೊಂಡು ನಿಂತೇ ನಿಂತಳು. ಸೋಮವ್ವ ಬಿಡಿಸಿಕೊಳ್ಳಲಿಲ್ಲ, ಮನೆಗೆ ಮಾತ್ರ ಹೋಗಲಿಲ್ಲ.

ನೀವು ಅನ್ನಬಹುದು, ಇದೆಲ್ಲ ಅಮಾತೆಪ್ಪ ಕಟ್ಟಿದ ಕತೆ, ಬ್ಯಾಟರಿ ಇಲ್ಲದೆ ಲಾರಿ ಎಲ್ಲಿ ಚಾಲೂ ಆಗುತ್ತದೆ ಅಂತ. ನಾನೂ ಅಂದಿದ್ದೆ. ಆದರೆ ಒಂದು ವಿಷಯ ನಾನು ಕಣ್ಣಾರೆ ಕಂಡದ್ದು, ಯಾರೋ ಹೇಳಿದ್ದಲ್ಲ. ಆ ಘಟನೆಯಾದ ವಾರಕ್ಕೆ ಖಾಸಿಂಸಾಬ ಬೇರೆ ಬೆಲ್ಟು ಹಾಕಿ ನೋಡಿದ. ಹೊಸ ಆಲ್ಟರ್ನೇಟರ್ ಕರೆಂಟು ಕೊಡಲಿಲ್ಲ. ತಂದ ಅಂಗಡಿಗೇ ವಾಪಸು ಕೊಡೋಣ ಅಂತ ಬಾಗಲಕೋಟೆಗೆ ಹೊರಟ. ಜೊತೆಗೆ ನಾನು. ಅಂಗಡಿಯವನಿಗೆ ನಾವು ಏನೂ ಹೇಳಲಿಲ್ಲ, ಹೊಸದು ಕೆಟ್ಟಿದೆ ಅಂದೆವು, ಅಷ್ಟೇ. ಅವನು ಹಿಂದಿನ ಮುಚ್ಚಳ ಬಿಚ್ಚಿದ. ಒಳಗೆ ಆರು ಸಣ್ಣ ಬಿಲ್ಲೆ ಇರುತ್ತವೆ, ಡಯೋಡ್ ಅನ್ನುತ್ತಾರೆ. ಆರೂ ಸುಟ್ಟು ಕರಿ ಇದ್ದಿಲಾಗಿದ್ದವು. ಅಂಗಡಿಯವನು ನಮ್ಮ ಮುಖ ನೋಡಿದ.

“ಇದನ್ನ ನಾ ವಾಪಸ್ ತಗೊಳ್ಳಂಗಿಲ್ರಿ,” ಅಂದ. “ಹಿಂಗ ಆರೂ ಒಮ್ಮೇ ಸುಡೂದು ಯಾವಾಗ ಗೊತ್ತೇನ್ರಿ? ಬ್ಯಾಟ್ರಿ ಬಿಚ್ಚಿಟ್ಟು ಎಂಜಿನ್ ಓಡಿಸಿದ್ರ. ಯಾರ್ರೀ ಓಡಿಸಿದಾವ?”